ವಾಸನೆಯಿಲ್ಲದ ಗ್ಯಾಸು ಸೋರಿದ ಬೇಸಿಗೆ

ಮೊನ್ನೆ ಮಧ್ಯಾಹ್ನ ದಟ್ಟಗಳ್ಳಿಯ ಒಂದು ಕಾರು ರಿಪೇರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಯಿತು. ಕಾರು ನನ್ನದಲ್ಲ, ನೀಲಳದು. ನೀಲ ಒಂದು ಕಾಲದಲ್ಲಿ ನನ್ನ ಹತ್ತಿರ ಮನೆಪಾಠ ಹೇಳಿಸಿಕೊಂಡ ಹುಡುಗಿ. ಈಗ ಅವಳ ತಲೆ ನನ್ನದಕ್ಕಿಂತ ಬೆಳ್ಳಗಾಗಿದೆ, ಆದರೂ ನನ್ನನ್ನು ಟೀಚರ್ ಎನ್ನುವುದನ್ನು ಬಿಟ್ಟಿಲ್ಲ. ಅವಳ ಕಾರಿನ ಏಸಿ ಕೈಕೊಟ್ಟಿತ್ತು. ಬೇರೆಯವರಾದರೆ ಕಿಟಕಿ ಇಳಿಸಿಕೊಂಡು ಓಡಾಡಿಯಾರು. ನೀಲಳಿಗೆ ಅದು ಆಗದ ಮಾತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಮೆಕ್ಯಾನಿಕ್ ಶಟರನ್ನು ಅರ್ಧ ಎಳೆದು ಕತ್ತಲು ಮಾಡಿಕೊಂಡು, ನೀಲಿ ಬೆಳಕಿನ ಟಾರ್ಚೊಂದನ್ನು ಬಾನೆಟ್ಟಿನೊಳಗೆ ಆಡಿಸಿದ. ಒಂದು ಪೈಪಿನ ಬುಡದಲ್ಲಿ ಗಿಳಿಹಸಿರು ಬಣ್ಣ ಫಕ್ಕನೆ ಹೊಳೆಯಿತು.

"ನೋಡ್ರಮ್ಮ, ಇಲ್ಲೇ ಇರೋದು ಲೀಕು. ಗ್ಯಾಸ್ ಜೊತೆ ಒಂದು ಬಣ್ಣ ಬಿಟ್ಟಿರ್ತೀವಿ. ಸೋರಿದ ಕಡೆ ಈ ಲೈಟಿಗೆ ಹೊಳೀತದೆ," ಅಂದ.

ನೀಲ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿಬಿಟ್ಟಳು. "ಟೀಚರ್! ಅದೇ ಹಸಿರು ನೋಡಿ!" ಆಮೇಲೆ ದನಿ ತಗ್ಗಿಸಿ, "ನಮ್ಮಜ್ಜಿಗೆ ಮಾತ್ರ ಕೊನೇವರೆಗೂ ಗೊತ್ತಾಗ್ಲಿಲ್ಲ, ಅಲ್ವಾ?" ಅಂದಳು.

ಅಷ್ಟರಲ್ಲಿ ಮೆಕ್ಯಾನಿಕ್ ಅವಳನ್ನು ಏನೋ ಕೇಳಲು ಕರೆದ. ನಾನು ಉತ್ತರ ಕೊಡದೆ ಕೂತಲ್ಲೇ ಕೂತೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ. ಮನೆಯಲ್ಲಿ ನಾನು, ಅಮ್ಮ, ನಮ್ಮಣ್ಣ ಸಿದ್ದೇಗೌಡ. ಊರ ಹೊಲಗದ್ದೆ ದಾಯಾದಿಗಳ ಪಾಲಾದ ಮೇಲೆ ಅಣ್ಣಯ್ಯ ಮೈಸೂರಿಗೆ ಬಂದು ಐಸ್ ಫ್ಯಾಕ್ಟರಿ ಸೇರಿದ್ದ. ಅಲ್ಲಿನ ಯಂತ್ರಗಳೆಲ್ಲ ಅಮೋನಿಯಾದಲ್ಲಿ ಓಡುವಂಥವು. ಅಮೋನಿಯಾ ಒಂದು ಚೂರು ಸೋರಿದರೂ ಮೂಗಿಗೆ ಗುದ್ದಿದಂತೆ ಬಡಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅಣ್ಣಯ್ಯ ಗೇಟಿನಲ್ಲಿ ನಿಂತೇ ಯಾವ ಕಡೆ ಸೋರುತ್ತಿದೆ ಎಂದು ಹೇಳಬಲ್ಲವನಾಗಿದ್ದ. ಆ ಮೂಗಿನ ಬಗ್ಗೆ ಅವನಿಗೆ ಭಾರಿ ಜಂಬ. ಮನೆಯಲ್ಲಿ ಸಾರಿಗೆ ಇಂಗು ಕಮ್ಮಿಯಾಗಿದೆ ಎನ್ನುವುದನ್ನೂ ಬೀದಿಯಿಂದಲೇ ಹೇಳುತ್ತಿದ್ದ. ಅಮ್ಮ ಸೌಟು ಹಿಡಿದು ಬೈಯುತ್ತಿದ್ದಳು.

ಸಂಜೆ ಹೊತ್ತು ನಾನು ಸೈಕಲ್ ತುಳಿದುಕೊಂಡು ಚಾಮರಾಜಪುರಂಗೆ ಹೋಗಿ ನೀಲಳಿಗೆ ಪಾಠ ಹೇಳುತ್ತಿದ್ದೆ. ಅವಳ ತಂದೆ ಗುರುಮಲ್ಲಪ್ಪನವರು ಅಕ್ಕಿ ವ್ಯಾಪಾರಸ್ಥರು. ತಾಯಿ ಇರಲಿಲ್ಲ. ಸಾಕಿದವರು ಅಜ್ಜಿ, ಚನ್ನಬಸಮ್ಮನವರು. ನೀಲಳಿಗೆ ಹುಟ್ಟಿದಾರಭ್ಯ ಬೆವರೇ ಬರುವುದಿಲ್ಲ. ಬೆವರದ ಮೈ ಬಿಸಿಲಿಗೆ ತಣಿಯುವುದು ಹೇಗೆ? ಹೊರಗೆ ಸೆಕೆ ಏರಿದರೆ ಅವಳ ಮೈಯೂ ಅದರ ಜೊತೆಗೇ ಏರುತ್ತಿತ್ತು, ಜ್ವರ ಬಂದು ಕಣ್ಣು ಮೇಲಾಗುತ್ತಿತ್ತು. ಸ್ಕೂಲು ಬಿಟ್ಟು ಎಷ್ಟೋ ಕಾಲವಾಗಿತ್ತು. ಒದ್ದೆ ಪಂಚೆ ಹೊದ್ದುಕೊಂಡು, ನಡುಮನೆಯ ಕೆಂಪು ನೆಲದ ಮೇಲೆ ಬೋರಲು ಮಲಗಿ ಲೆಕ್ಕ ಮಾಡುತ್ತಿದ್ದ ಹುಡುಗಿ ಅದು. ಲೆಕ್ಕವೆಂದರೆ ಅವಳಿಗೆ ಊಟ ಬೇಡ.

ಹಿಂದಿನ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವಳನ್ನು ಜಟಕಾದಲ್ಲಿ, ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆ ಪಕ್ಕಕ್ಕಿಟ್ಟು ಕರೆದುಕೊಂಡು ಹೋಗಿದ್ದರು. ಬೆಳಗಿನ ಪೇಪರ್ ಹೇಗೋ ಆಯಿತು. ಮಧ್ಯಾಹ್ನದ ಪೇಪರಿನ ಹೊತ್ತಿಗೆ ಮಂಜುಗಡ್ಡೆ ಕರಗಿ ನೀರಾಗಿತ್ತು, ಹುಡುಗಿ ಉತ್ತರ ಪತ್ರಿಕೆಯ ಮೇಲೇ ತಲೆ ಇಟ್ಟು ಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗುರುಮಲ್ಲಪ್ಪನವರು, "ಬದುಕಿದ್ರೆ ಸಾಕು, ಓದು ಬೇಡ" ಅಂದುಬಿಟ್ಟರು. ನೀಲ ಮಾತು ಬಿಟ್ಟಳು. ತಂದೆಯ ಮನಸ್ಸು ಕರಗಿದ್ದು ಅದನ್ನು ನೋಡಲಾರದೆ.

ಅದೇ ಸಮಯಕ್ಕೆ ಊರು ಬಿಟ್ಟು ಹೊರಟಿದ್ದ ವಿದೇಶಿ ಇಂಜಿನಿಯರೊಬ್ಬರ ಕಾರು ಮಾರಾಟಕ್ಕೆ ಬಂತು. ದೋಣಿಯಷ್ಟು ಉದ್ದದ ಅಮೆರಿಕದ ಕಾರು. ಅದರ ಡಿಕ್ಕಿಯಲ್ಲಿ ಗಾಳಿ ತಣ್ಣಗೆ ಮಾಡುವ ಪೆಟ್ಟಿಗೆ ಇತ್ತು! ಅಲ್ಲಿಂದ ತಣ್ಣನೆಯ ಗಾಳಿ ಕೊಳವೆಗಳಲ್ಲಿ ಹಾದು ಸೀಟಿನ ಮೇಲೆ ಬೀಳುತ್ತಿತ್ತು. ಮೈಸೂರಿನಲ್ಲಿ ಅಂಥದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಡಾಕ್ಟರು ಒಪ್ಪಿದರು. ಎರಡು ಪೇಪರಿನ ನಡುವೆ ಹುಡುಗಿ ಆ ಕಾರಿನಲ್ಲಿ ಕೂತು ಮೈ ತಣಿಸಿಕೊಂಡರೆ ಪರೀಕ್ಷೆ ಬರೆಯಬಹುದು, ಕಾರು ಇಲ್ಲದಿದ್ದರೆ ಕೂಡದು ಎಂದರು. ಇದೇ ಕೊನೆಯ ಸಲ ಎಂದು ತಂದೆಯೂ ಹೇಳಿದರು. ಹೀಗೆ ಒಂದು ಹುಡುಗಿಯ ಓದು ಒಂದು ಕಾರಿನ ಡಿಕ್ಕಿಗೆ ಹೋಗಿ ಸೇರಿಕೊಂಡಿತು.

ದಸರೆಯಲ್ಲಿ ಕಾರಿಗೆ ಪೂಜೆಯಾಯಿತು, ಸಂಕ್ರಾಂತಿಯವರೆಗೂ ತಂಪು ಇತ್ತು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿತು ನೋಡಿ, ಆಗ ಕಾರಿನಿಂದ ಬರುವ ಗಾಳಿ ಉಗುರು ಬೆಚ್ಚಗಾಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ನಾನು ಅಣ್ಣಯ್ಯನನ್ನು ಕರೆದುಕೊಂಡು ಹೋದೆ. ಅವನು ಡಿಕ್ಕಿಯೊಳಗೆ ತಲೆ ತೂರಿಸಿ ಮೂಸಿದ, ಕಾರಿನ ಕೆಳಗೆ ಮಲಗಿ ಮೂಸಿದ, ಇಂಜಿನ್ನಿನ ಪಕ್ಕ ಮೂಸಿದ. ಅಮೋನಿಯಾ ಸೋರಿದರೆ ಗಂಧಕದ ಬತ್ತಿಯ ಹತ್ತಿರ ಬೆಳ್ಳಗೆ ಹೊಗೆ ಏಳುತ್ತದೆ. ಆ ಬತ್ತಿಯನ್ನೂ ತಂದು ಹಚ್ಚಿ ನೋಡಿದ. ಮನೆಯವರೆಲ್ಲ ಕೆಮ್ಮಿದ್ದೇ ಬಂತು.

"ಸೋರಿಕೆ ಇಲ್ಲ ಕಣಮ್ಮಿ. ಇದ್ದಿದ್ರೆ ನನ್ನ ಮೂಗು ಏಳ್ತಿರ್ಲಿಲ್ವಾ? ಗ್ಯಾಸು ಅಳೇದಾಗದೆ ಅಷ್ಟೆ. ಒಸಾದು ಆಕ್ಬುಡಾನ," ಅಂದ.

ಕಾರಿನ ಜೊತೆ ಆ ಇಂಜಿನಿಯರು ಒಂದು ಸಣ್ಣ ಸಿಲಿಂಡರ್ ಗ್ಯಾಸು ಬಿಟ್ಟುಹೋಗಿದ್ದರು. ಅಣ್ಣಯ್ಯ ಅರ್ಧ ತುಂಬಿದ. ಕಾರು ತಣ್ಣಗಾಯಿತು. ಅಜ್ಜಿ ಅವನಿಗೆ ಒಬ್ಬಟ್ಟು ಮಾಡಿ ಬಡಿಸಿದರು, ಅವನು ಎಗ್ಗಿಲ್ಲದೆ ತಿಂದ. ಒಂದು ವಾರ ತುಂಬುವ ಮೊದಲೇ ಗಾಳಿ ಮತ್ತೆ ಬೆಚ್ಚಗಾಯಿತು. ಅಣ್ಣಯ್ಯನ ಮುಖ ನೋಡುವ ಹಾಗಿರಲಿಲ್ಲ. ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಇದ್ಯಾವ ಕಳ್ ಗ್ಯಾಸು? ವಾಸ್ನೇನೇ ಇಲ್ವಲ್ಲ!" ಎಂದ.

ನನಗೆ ಆ ಮಾತು ತಲೆಗೆ ಹತ್ತಿಕೊಂಡಿತು. ವಾಸನೆಯಿಲ್ಲ ಎಂದರೆ ಅದು ಅಮೋನಿಯಾ ಅಲ್ಲ. ಹಾಗಾದರೆ ಏನು? ಹೀಗೊಂದು ಪ್ರಶ್ನೆ ಹೊಕ್ಕರೆ ಉತ್ತರ ಸಿಗುವ ತನಕ ನನಗೆ ಅನ್ನ ಸೇರುವುದಿಲ್ಲ, ಅದು ನನ್ನ ಹುಟ್ಟುಗುಣ. ಸಿಲಿಂಡರಿನ ಮೇಲಿದ್ದ ಹೆಸರನ್ನು ಅಂಗೈ ಮೇಲೆ ಬರೆದುಕೊಂಡು ಹೋಗಿ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಅದರಲ್ಲಿ ಇರುವುದು ಇಂಗಾಲ, ಫ್ಲೋರಿನ್, ಕ್ಲೋರಿನ್. ಕ್ಲೋರಿನ್! ನಾನು ಲೈಬ್ರರಿಯಲ್ಲೇ ಕೂಗಿಬಿಟ್ಟೆ. ಲೈಬ್ರೇರಿಯನ್ ಕನ್ನಡಕದ ಮೇಲಿಂದ ನೋಡಿದರು. ನೋಡಲಿ ಬಿಡಿ ಎಂದುಕೊಂಡೆ.

ಪ್ರತಿ ವರ್ಷ ಹುಡುಗರಿಗೆ ನಾನೇ ಮಾಡಿ ತೋರಿಸುತ್ತಿದ್ದ ಪ್ರಯೋಗವದು. ತಾಮ್ರದ ತಂತಿಯನ್ನು ಉರಿಯಲ್ಲಿ ಕಾಯಿಸಬೇಕು. ಕ್ಲೋರಿನ್ ಇರುವ ವಸ್ತು ಅದಕ್ಕೆ ತಗುಲಿದರೆ ಉರಿ ಹಸಿರಾಗುತ್ತದೆ. ವಸ್ತುವಿನ ಬದಲು ಗ್ಯಾಸು ತಗುಲಿದರೂ ಹಸಿರಾಗಲೇಬೇಕಲ್ಲ? ಮೂಗಿಗೆ ಸಿಗದ್ದು ಕಣ್ಣಿಗೆ ಸಿಗಬೇಕಲ್ಲ?

ಅಣ್ಣಯ್ಯನಿಗೆ ಹೇಳಿದೆ. ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ ಎದ್ದು ಹೋಗಿ ಬೆಸುಗೆ ಹಾಕುವ ಒಂದು ಸ್ಪಿರಿಟ್ ದೀಪ ತಂದ. ಅದರ ಗಾಳಿಕಿಂಡಿಗೆ ನಮ್ಮ ಲ್ಯಾಬಿನ ರಬ್ಬರ್ ನಳಿಕೆ ಸಿಕ್ಕಿಸಿದ, ಉರಿಯ ಬಾಯಿಗೆ ತಾಮ್ರದ ತಂತಿ ಸುತ್ತಿದ. ಈಗ ನಳಿಕೆಯ ತುದಿಯನ್ನು ಎಲ್ಲಿ ಹಿಡಿದರೆ ಅಲ್ಲಿನ ಗಾಳಿಯನ್ನು ದೀಪ ಒಳಗೆಳೆದುಕೊಳ್ಳುತ್ತಿತ್ತು. "ನೋಡಮ್ಮಿ, ನಿನ್ ದೀಪಕ್ಕೂ ಒಂದು ಮೂಗು ಮಾಡ್ಕೊಟ್ಟಿವ್ನಿ," ಎಂದು ಬೀಗಿದ. ಸೋತರೂ ಜಂಬ ಬಿಡುವವನಲ್ಲ.

ಒಂದೇ ಒಂದು ಫಜೀತಿ ಇತ್ತು. ಕಾರಿನೊಳಗೆ ಗ್ಯಾಸು ಉಳಿದಿರಲಿಲ್ಲ. ಗ್ಯಾಸು ಇಲ್ಲದೆ ಸೋರುವುದಾದರೂ ಏನು? ಸೋರುವ ಜಾಗ ಹುಡುಕಲು ಉಳಿದರ್ಧದಲ್ಲಿ ಒಂದಷ್ಟನ್ನು ಸೋರುವುದಕ್ಕೆಂದೇ ಒಳಗೆ ಬಿಡಬೇಕು. ಇನ್ನೊಂದು ಸಿಲಿಂಡರ್ ಬೊಂಬಾಯಿಯಿಂದ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು. ಗುರುಮಲ್ಲಪ್ಪನವರು ನನ್ನನ್ನೇ ನೋಡಿ, "ನೀವು ಹೆಂಗೆ ಹೇಳಿದ್ರೆ ಹಂಗೆ ಕಣಮ್ಮ. ಆದ್ರೆ ಇದೂ ಹೋದ್ರೆ ಹುಡುಗೀಗೆ ನೀವೇ ಸಮಾಧಾನ ಹೇಳ್ಬೇಕು," ಅಂದರು. ಉತ್ತರ ಹೇಳಿದವಳು ನೀಲ. ಬಾಗಿಲ ಹಿಂದಿನಿಂದ, "ಬಿಡಿ ಟೀಚರ್, ಹಾಕ್ಸಿ. ಹಾಗೇ ಇಟ್ಕೊಂಡ್ರೆ ಅದೇನು ಮರಿ ಹಾಕುತ್ತಾ?" ಅಂದಳು.

ಮಾರನೆಯ ಬೆಳಿಗ್ಗೆ ಕಾರಿನ ಪೆಟ್ರೋಲನ್ನೆಲ್ಲ ಬಸಿದು ದೂರ ಇಟ್ಟೆವು. ಉರಿ ಹಿಡಿದು ಕಾರು ಸುತ್ತುವುದು ಹುಡುಗಾಟವಲ್ಲ. ಕಾರು ನಿಲ್ಲಿಸುತ್ತಿದ್ದ ಹಿತ್ತಲ ಕೊಟ್ಟಿಗೆಯ ಕಿಟಕಿಗೆ ಕಂಬಳಿ ಕಟ್ಟಿ ನಸುಗತ್ತಲು ಮಾಡಿದೆವು. ಅಜ್ಜಿ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತರು. ನೀಲ ಒದ್ದೆ ಪಂಚೆ ಹೊದ್ದು ಅವರ ಪಕ್ಕ ನಿಂತಳು. ಅಣ್ಣಯ್ಯ ಗ್ಯಾಸನ್ನು ಜಿಪುಣನ ಹಾಗೆ ಸ್ವಲ್ಪವೇ ಬಿಟ್ಟ. ನಾನು ದೀಪ ಹಿಡಿದೆ, ಅವನು ನಳಿಕೆ ಹಿಡಿದ.

ಇಂಜಿನ್ನಿನ ಹತ್ತಿರದ ಜಾಯಿಂಟುಗಳಲ್ಲಿ ಉರಿ ನೀಲಿಯಾಗೇ ಇತ್ತು. ಕಾರಿನ ಹೊಟ್ಟೆಯಡಿಯ ಪೈಪುಗಳಲ್ಲೂ ನೀಲಿ. ಅಣ್ಣಯ್ಯನಿಗೆ ಅನುಮಾನ ಇದ್ದದ್ದು ಎಣ್ಣೆ ಜಿಡ್ಡು ಕಟ್ಟಿದ್ದ ಜಾಗಗಳ ಮೇಲೆ. ಗ್ಯಾಸು ಸೋರುವ ಕಡೆ ಒಳಗಿನ ಎಣ್ಣೆಯೂ ಒಸರುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಕೊಳಕು ಇದ್ದಲ್ಲೇ ಕಳ್ಳ ಇರುತ್ತಾನೆ ಎಂದು ಅವನ ಲೆಕ್ಕ. ಅಂಥ ಜಾಗಗಳೆಲ್ಲ ಮುಗಿದವು. ಏನೂ ಇಲ್ಲ. ಒಳಗೆ ಬಿಟ್ಟ ಗ್ಯಾಸು ಇಷ್ಟಿಷ್ಟೇ ಹೋಗುತ್ತಲೇ ಇತ್ತು.

"ಡಿಕ್ಕಿ ಒಳಗೆ?" ಅಂದೆ.

"ಅಲ್ಲೇನೈತೆ? ಕನ್ನಡಿ ಅಂಗೆ ಹೊಳೀತಾ ಕೂತದೆ," ಅಂದ ಅಣ್ಣಯ್ಯ.

ನಿಜ. ತಣ್ಣಗೆ ಮಾಡುವ ಪೆಟ್ಟಿಗೆಗೆ ಸೇರುವ ತಾಮ್ರದ ಪೈಪು ಪೂಜೆ ಸಾಮಾನಿನ ಥರ ಥಳಥಳ ಅನ್ನುತ್ತಿತ್ತು. ಪೈಪಿನ ಮೇಲೆ ಮೂರೆಳೆ ವಿಭೂತಿ, ಬುಡದಲ್ಲಿ ಒಂದು ದಾಸವಾಳ. ಇಡೀ ಕಾರಿನಲ್ಲಿ ಇಷ್ಟು ಚೊಕ್ಕಟವಾದ ಜಾಗ ಬೇರೆ ಇರಲಿಲ್ಲ. ಒಂದು ಹನಿ ಎಣ್ಣೆಯಿಲ್ಲ, ಧೂಳಿಲ್ಲ. ಕಾರಿನ ಎಲ್ಲಾ ಪೈಪೂ ಕೊಳೆಯಾಗಿರುವಾಗ ಇದೊಂದು ಹೊಳೆಯುವುದೇಕೆ? ನಾನು ಅಣ್ಣಯ್ಯನ ಕೈಯಿಂದ ನಳಿಕೆ ಕಿತ್ತುಕೊಂಡು ವಿಭೂತಿಯ ಕೆಳಗೆ ಹಿಡಿದೆ.

ಉರಿ ಹಸಿರಾಯಿತು. ಸ್ವಲ್ಪವಲ್ಲ, ಬಾಳೆಸುಳಿಯ ಹಸಿರು. ಕೊಟ್ಟಿಗೆಯ ಗೋಡೆಯ ಮೇಲೆಲ್ಲ ಹಸಿರು.

"ಅಯ್ಯಯ್ಯಪ್ಪಾ!" ಅಂದ ಅಣ್ಣಯ್ಯ. ಸುಟ್ಟ ಆ ಗ್ಯಾಸು ಗಂಟಲಿಗೆ ಒಳ್ಳೆಯದಲ್ಲ ಎಂದು ನಾನು ದೀಪ ಆರಿಸಿ ಬಾಗಿಲು ತೆಗೆಸಿದೆ. ಬೆಳಕು ಒಳಗೆ ಬಂದಾಗ ನೀಲಳ ಮುಖ ನೋಡಿದೆ. ಅವಳಿಗೆ ಅರ್ಥವಾಗಿತ್ತು. ನನಗೂ ಆಗಿತ್ತು. ಪ್ರತಿ ಸೋಮವಾರ ಅಜ್ಜಿ ದೇವರ ತಂಬಿಗೆ, ಹರಿವಾಣಗಳ ಜೊತೆ ಆ ಪೈಪನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಮೊಮ್ಮಗಳನ್ನು ತಣ್ಣಗಿಡುವ ತಾಮ್ರ ಅದು, ಮಂಕಾಗಿದ್ದರೆ ಅವರ ಮನಸ್ಸು ಹೇಗೆ ತಾಳೀತು? ಹಿಂಬದಿಯೂ ಬೆಳಗಬೇಕೆಂದು ಪೈಪನ್ನು ಈಚೆಗೆ ಎಳೆದುಕೊಂಡು ತಿಕ್ಕುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಮತ್ತೆ ಮತ್ತೆ ಬಗ್ಗಿಸಿದರೆ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ರಸ್ತೆಯ ಗುಂಡಿಗಳ ಪಾಲೂ ಇದ್ದೀತು, ಆದರೆ ಬಿರುಕು ಬಿಟ್ಟಿದ್ದು ಅವರು ಎಳೆಯುತ್ತಿದ್ದ ಜಾಗದಲ್ಲೇ. ಒಸರಿದ ಎಣ್ಣೆಯನ್ನು ವಾರವಾರವೂ ಒರೆಸಿ, ನಮಗೆ ಗುರುತು ಸಿಗದಂತೆ ಮಾಡಿದ್ದೂ ಅವರೇ.

"ಅದ್ಯಾಕವ್ವಾ ಅಂಗೆ ಹಸಿರಾಗೋಯ್ತು?" ಎಂದರು ಅಜ್ಜಿ.

ಅಣ್ಣಯ್ಯ ಬಾಯಿ ತೆರೆದ. ನೀಲ ಅವನಿಗಿಂತ ಮೊದಲೇ, "ಅಜ್ಜೀ, ನೀನು ವಿಭೂತಿ ಇಟ್ಟಿದ್ಯಲ್ಲ, ಅದೇ ಜಾಗದಲ್ಲೇ ತೋರಿಸಿಕೊಡ್ತು ನೋಡು!" ಅಂದಳು. ಅಜ್ಜಿ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ನೀಲ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಅಜ್ಜಿಗೆ ಹೇಳ್ಬೇಡಿ ಟೀಚರ್. ಗೊತ್ತಾದ್ರೆ ಎದೆ ಒಡ್ಕೋತಾಳೆ," ಅಂದಳು. ಅಣ್ಣಯ್ಯನಿಗೆ ನಾನು ಕಣ್ಣಲ್ಲೇ ಹೇಳಿದೆ. ಅವನು ಗಪ್ಪಾದ.

ಆಮೇಲಿನ ಕೆಲಸ ಅವನದು, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಿರುಕಿದ್ದ ತುದಿಯನ್ನು ಕತ್ತರಿಸಿದ. ಉಳಿದ ಪೈಪಿನ ಬಾಯನ್ನು ಹೂವಿನಂತೆ ಅರಳಿಸಿ ಹೊಸ ನಟ್ಟು ಹಾಕಿ ಬಿಗಿದ. ಒಳಗಿನ ಗಾಳಿ ಪೂರ್ತಿ ಎಳೆಯಬೇಕಲ್ಲ, ಅದಕ್ಕೆ ಫಿಸಿಕ್ಸ್ ವಿಭಾಗದ ಪಂಪನ್ನು ನಾನು ಅಲ್ಲಿನ ಮುಖ್ಯಸ್ಥರನ್ನು ಕಾಡಿ ಬೇಡಿ ತಂದೆ. ಉಳಿದ ಗ್ಯಾಸನ್ನೆಲ್ಲ ತುಂಬಿದ ಮೇಲೆ ಮತ್ತೆ ದೀಪ ಹಿಡಿದೆವು. ಉರಿ ನೀಲಿಯಾಗೇ ಇತ್ತು. ನನಗೆ ಅಳು ಬಂತು, ಹೊಗೆಯ ಮೇಲೆ ಹಾಕಿದೆ.

ಇನ್ನು ಅಜ್ಜಿಯ ಕೈ ತಡೆಯುವುದು ಹೇಗೆ? ಸೋಮವಾರ ಬಂದೇ ಬರುತ್ತದೆ. ಅಣ್ಣಯ್ಯ ಆ ಕತ್ತರಿಸಿದ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತ. "ಅಜ್ಜೀ, ವಿಭೂತಿ ಬಿದ್ದ ತುಂಡು ಇದು. ಇದುನ್ನ ದೇವ್ರ ಮನೇಲಿಟ್ಟು ಪೂಜೆ ಮಾಡಿ. ಗಾಡೀಲಿರೋದು ಈಗ ಒಸಾದು, ಅದುನ್ನ ಯಾರೂ ಮುಟ್ಬಾರ್ದು," ಅಂದ. ಅಜ್ಜಿ ಅದನ್ನು ಸೆರಗಿನಲ್ಲಿ ಇಸಿದುಕೊಂಡರು.

ಪರೀಕ್ಷೆ ನಡೆಯಿತು. ಸ್ಕೂಲಿನ ಆವರಣದ ಮಳೆಮರದ ನೆರಳಿನಲ್ಲಿ ಆ ಉದ್ದ ಕಾರು ಇಂಜಿನ್ ಆಡಿಸಿಕೊಂಡು ನಿಂತಿರುತ್ತಿತ್ತು. ಬೆಳಗಿನ ಪೇಪರ್ ಮುಗಿಸಿ ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದ ನೀಲ ಒಳಗೆ ಕೂತು, ಮೊಸರನ್ನ ತಿಂದು, ಮಧ್ಯಾಹ್ನದ ಹೊತ್ತಿಗೆ ಮನುಷ್ಯಳಾಗಿ ಇಳಿಯುತ್ತಿದ್ದಳು. ಮುಂದಿನ ಸೀಟಿನಲ್ಲಿ ಅಜ್ಜಿ, ಆ ಸುಡುಬಿಸಿಲಿನಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಾ. "ಇಳೀರಿ ಅಜ್ಜಿ, ಹೊರಗೆ ಬೆಚ್ಚಗಿದೆ" ಎಂದರೆ, "ಬಾಗ್ಲು ತೆಗುದ್ರೆ ತಂಪು ಓಗ್ತದೆ, ಸುಮ್ಕಿರವ್ವ" ಅನ್ನುತ್ತಿದ್ದರು.

ಲೆಕ್ಕದ ಪೇಪರ್ ಇನ್ನೂ ಬಾಕಿ ಇತ್ತು. ಒಂದು ಮಧ್ಯಾಹ್ನ, ನೀಲ ಪರೀಕ್ಷೆಯ ಕೊಠಡಿಯೊಳಗೆ ಹೋದ ಮೇಲೆ, ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನ ಗಂಟು ಬಿಚ್ಚಿದರು. ಅದೇ ತಾಮ್ರದ ತುಂಡು, ಮೊದಲಿಗಿಂತ ಹೊಳೆಯುತ್ತಿತ್ತು. ಒಂದು ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದರಲ್ಲಿ ಲೋಟದ ನೀರು ಹೊಯ್ದರು. ಸುಮ್ಮನೆ ಹಿಡಿದುಕೊಂಡರು. ಕಣ್ಣಿಗೆ ಕಾಣದ ಆ ಬಿರುಕಿನಿಂದ ಒಂದು ಹನಿ ಮೆಲ್ಲಗೆ ಹುಟ್ಟಿ ಅವರ ಬೆರಳಿಗಿಳಿಯಿತು.

"ತಂಬಿಗೆ ತೂತಾಗದಾ ಅಂತ ಇಂಗೇ ತಾನೆ ನೋಡಾದು?" ಅಂದರು. "ನಾನು ಎಳೀತಿದ್ದ ಜಾಗ ಕಣವ್ವ ಇದು. ನನ್ ಕೈಗೆ ಗೊತ್ತಾಗಲ್ವಾ?"

ಅವರು ನೀಲ ಹೋದ ಕೊಠಡಿಯ ಕಡೆ ನೋಡಿದರು.

"ಮಗ ನನ್ನ ನೋಯಿಸಬಾರ್ದು ಅಂತ ಮುಚ್ಚಿಟ್ಟದೆ. ನಂಗೆ ಗೊತ್ತಾಯ್ತು ಅಂದ್ರೆ ಅದನ್ನೇ ನೆನ್ಕೊಂಡು ಲೆಕ್ಕ ತಪ್ಪು ಮಾಡ್ತದೆ. ನಾನಿರೋ ಗಂಟ ಏಳ್ಬೇಡ. ಆಣೆ ಮಾಡು." ನಾನು ಅವರ ಒದ್ದೆ ಅಂಗೈ ಮೇಲೆ ಕೈಯಿಟ್ಟೆ. ಅವರು ತುಂಡಿನ ನೀರು ಚೆಲ್ಲಿ, ಸೆರಗಿನಲ್ಲಿ ಒರೆಸಿ ಮತ್ತೆ ಗಂಟು ಹಾಕಿಕೊಂಡರು. ಆಮೇಲೆ ಮುಖ ಆಚೆ ತಿರುಗಿಸಿ ಅತ್ತರು. ಕಾರು ತಣ್ಣಗೆ ಗಾಳಿ ಬೀಸುತ್ತಲೇ ಇತ್ತು.

ನೀಲ ಪಾಸಾದಳು. ಲೆಕ್ಕದಲ್ಲಿ ಅವಳಿಗೆ ಬಂದ ನಂಬರು ನೋಡಿ ಅಣ್ಣಯ್ಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ. ಮುಂದೆ ಅವಳು ತಾನೇ ಗಣಿತದ ಮೇಡಂ ಆದಳು. ಅಜ್ಜಿ ಇನ್ನೂ ಬಹಳ ವರ್ಷ ಬದುಕಿ, ಪ್ರತಿ ಸೋಮವಾರ ಆ ತುಂಡನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ನೀಲ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಅಜ್ಜಿ ಹೋದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ, ಹಾಗಾಗಿ ನಾನೂ ಹೇಳಲಿಲ್ಲ.

ದಟ್ಟಗಳ್ಳಿಯ ಅಂಗಡಿಯಲ್ಲಿ ನೀಲ ವಾಪಸ್ ಬಂದು ನನ್ನ ಪಕ್ಕ ಕೂತಳು. "ಕೇಳಿದ್ದಕ್ಕೆ ಉತ್ತರಾನೇ ಕೊಡ್ಲಿಲ್ವಲ್ಲ ಟೀಚರ್."

"ಗೊತ್ತಾಗಿತ್ತು ಕಣೇ," ಅಂದೆ. "ನಿನ್ನ ಲೆಕ್ಕದ ಪೇಪರಿಗೆ ಮುಂಚೇನೇ." ಲೋಟದ ನೀರು, ಹೆಬ್ಬೆರಳು, ಆ ಒಂದು ಹನಿ, ಎಲ್ಲ ಹೇಳಿದೆ.

ನೀಲಳ ಆ ಬೆವರು ಬಾರದ ಮುಖದ ಮೇಲೆ ಕಣ್ಣೀರು ಮಾತ್ರ ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಮೆಕ್ಯಾನಿಕ್ ಬಿಚ್ಚಿದ ಹಳೇ ಪೈಪನ್ನು ಮೂಲೆಯ ಗುಜರಿ ಡಬ್ಬಕ್ಕೆ ಎಸೆಯಲು ಕೈ ಎತ್ತಿದ. ನೀಲ ದಡಕ್ಕನೆ ಎದ್ದು ನಿಂತಳು. "ಎಸೀಬೇಡಪ್ಪಾ," ಎಂದು ಸೆರಗೊಡ್ಡಿದಳು. "ಇಲ್ಲಿ ಕೊಡು ಅದನ್ನ."